ದೊಡ್ಡ ಕಂಪನಿ ಇಂಜಿನಿಯರ್‌ನ ಸ್ಟಾರ್ಟಪ್‌ಗೆ ತಗೊಳ್ಳೋ ಮುಂಚೆ

"ಗುರು, ಗೂಗಲ್‌ನಿಂದ ಒಬ್ಬ ಸಿಕ್ಕಿದಾನೆ, ಎಲ್ 5, ಬರಕ್ಕೂ ರೆಡಿ ಇದಾನೆ, ತಗೊಂಬಿಡ್ಲಾ?" ಅಂತ ಸ್ಟಾರ್ಟಪ್ ಮಾಡ್ತಿರೋ ಫ್ರೆಂಡ್ಸ್ ಆಗಾಗ ಫೋನ್ ಮಾಡ್ತಿರ್ತಾರೆ. ಎಲ್ 5 ಅಂದ್ರೆ ಅಲ್ಲಿ ಸೀನಿಯರ್ ಇಂಜಿನಿಯರ್ ಮಟ್ಟ. ನಾನು ವಾಪಸ್ ಕೇಳೋದು ಒಂದೇ, ಯಾವ ಕೆಲ್ಸಕ್ಕೆ ಅಂತ. ಇದಕ್ಕೆ ನೆಟ್ಟಗೆ ಉತ್ತರ ಬರೋದು ಕಮ್ಮಿ. ಸ್ವಲ್ಪ ಕೆದಕಿದ್ರೆ ಗೊತ್ತಾಗತ್ತೆ, ಮುಂದಿನ ರೌಂಡ್ ಫಂಡಿಂಗ್‌ಗೆ ಹೂಡಿಕೆದಾರರಿಗೆ ತೋರ್ಸೋ ಡೆಕ್ (ಸ್ಲೈಡ್‌ಗಳ ಕಟ್ಟು) ರೆಡಿ ಆಗ್ತಿದೆ, ಅದ್ರಲ್ಲಿ ಟೀಮ್ ಅಂತ ಒಂದು ಸ್ಲೈಡ್ ಇದೆ, ಆ ಸ್ಲೈಡಲ್ಲಿ ಫೋಟೋ ಕೆಳಗೆ ಹಾಕಕ್ಕೆ ಒಂದು ದೊಡ್ಡ ಲೋಗೋ ಬೇಕು. ಲೋಗೋ ಬೇಕಿದ್ರೆ ಅಡ್ವೈಸರ್ ಅಂತ ಹಾಕ್ಕೊಂಡು ತಿಂಗ್ಳಿಗೊಂದ್ಸಲ ಕೂತು ಕಾಫಿ ಕುಡೀರಿ, ಯಾರಿಗೂ ತೊಂದ್ರೆ ಇಲ್ಲ. ಅದಕ್ಕೋಸ್ಕರ ಒಬ್ಬನ ಪರ್ಮನೆಂಟ್ ಕೆಲ್ಸ ಬಿಡಿಸಿ, ಕಂಪನಿ ದುಡ್ಡಲ್ಲಿ ಅರ್ಧ ಅವನ ಸಂಬಳಕ್ಕೆ ಹಾಕಿ, ಆರು ತಿಂಗ್ಳಾದ್ಮೇಲೆ "ಅವ್ನು ಸ್ಟಾರ್ಟಪ್‌ಗೆ ಸೂಟ್ ಆಗ್ಲಿಲ್ಲ" ಅಂತ ಊರೆಲ್ಲಾ ಹೇಳ್ಕೊಂಡು ಓಡಾಡ್ತಾರಲ್ಲ, ಅದು ನಂಗೆ ಸರಿ ಅನ್ಸಲ್ಲ.

ನಾನು ಎರಡೂ ಕಡೆ ಕೆಲ್ಸ ಮಾಡಿದೀನಿ, ಬೆಂಗಳೂರಿನ ಔಟರ್ ರಿಂಗ್ ರೋಡಿನ ಗಾಜಿನ ಬಿಲ್ಡಿಂಗಲ್ಲೂ, ಎಚ್‌ಎಸ್‌ಆರ್ ಲೇಔಟಲ್ಲಿ ಕೆಳಗೆ ಓನರ್ ಮನೆ ಮೇಲೆ ಆಫೀಸು ಅನ್ನೋ ಥರದ ಜಾಗಗಳಲ್ಲೂ. ಈಗ ಹೈರಿಂಗ್ ಕೂಡ ಮಾಡ್ತೀನಿ. ನಂಗೆ ಅರ್ಥ ಆಗಿರೋದಿಷ್ಟು: ದೊಡ್ಡ ಕಂಪನಿಯವ್ರ ರೆಸ್ಯೂಮೆಲಿ ಇರೋದ್ರಲ್ಲಿ ಒಂದು ಭಾಗ ಆ ವ್ಯಕ್ತಿ ಮಾಡಿದ್ದು, ಇನ್ನೊಂದು ಭಾಗ ಆ ಕಂಪನಿ ಮಾಡಿದ್ದು. ಎರಡನ್ನೂ ಬೇರೆ ಮಾಡಿ ನೋಡೋದು ಇಂಟರ್ವ್ಯೂ ಮಾಡೋರ ಕೆಲ್ಸ, ಆದ್ರೆ ಲೋಗೋ ನೋಡಿದ ತಕ್ಷಣ ಆ ಕೆಲ್ಸ ಮಾಡೋದನ್ನೇ ಬಿಟ್ಬಿಡ್ತಾರೆ.

ಕಂಪನಿ ಮಾಡಿದ್ದು ಅಂದ್ರೆ ಏನು ಅಂತ ಹೊರಗಿಂದ ನೋಡೋರಿಗೆ ಅಂದಾಜು ಸಿಗಲ್ಲ. ಗೂಗಲ್ ಉದಾಹರಣೆನೇ ತಗೊಳ್ಳಿ. 2016ರಲ್ಲಿ ಅಲ್ಲಿನವ್ರೇ ಒಂದು ಲೇಖನ ಬರೆದು ಲೆಕ್ಕ ಕೊಟ್ಟಿದ್ರು, ಕಂಪನಿಯ ಬಹುಪಾಲು ಕೋಡ್ ಒಂದೇ ರೆಪಾಸಿಟರೀಲಿ, ಅಂದ್ರೆ ಕೋಡ್ ಇಡೋ ಒಂದೇ ಉಗ್ರಾಣದಲ್ಲಿ, ಇದೆ, ಸುಮಾರು 200 ಕೋಟಿ ಸಾಲು, 90 ಲಕ್ಷ ಸೋರ್ಸ್ ಫೈಲು, ಅದ್ರಲ್ಲಿ ಕೆಲ್ಸ ಮಾಡೋರು 25,000ಕ್ಕೂ ಹೆಚ್ಚು ಇಂಜಿನಿಯರ್‌ಗಳು ಅಂತ. ಅಷ್ಟು ಜನ ಒಬ್ಬರ ಮೇಲೊಬ್ಬರು ಬೀಳದೆ ಕೆಲ್ಸ ಮಾಡ್ಬೇಕು ಅಂದ್ರೆ ಅದಕ್ಕೆ ಅಂತಾನೇ ಬಿಲ್ಡ್ ಸಿಸ್ಟಮ್ ಇದೆ, ಕೋಡ್ ಹುಡ್ಕೋ ಟೂಲ್ ಇದೆ, ರಿವ್ಯೂ ಟೂಲ್ ಇದೆ, ಪ್ರತಿಯೊಂದರ ಹಿಂದೆ ಒಂದೊಂದು ಟೀಮ್ ಇದೆ. ನೀವು ಬರೆದ ಪ್ರೋಗ್ರಾಮ್‌ನ ಯಾವ ಮಷೀನಲ್ಲಿ ಓಡಿಸ್ಬೇಕು ಅಂತ ಬೋರ್ಗ್ ಅನ್ನೋ ಅಲ್ಲಿನ ಸಿಸ್ಟಮ್ ನೋಡ್ಕೊಳ್ಳತ್ತೆ, ಡೇಟಾನ ಸ್ಪ್ಯಾನರ್ ಅನ್ನೋ ಅಲ್ಲಿನ ಡೇಟಾಬೇಸ್‌ನಲ್ಲಿ ಇಟ್ರೆ ಅದು ಖಂಡಾಂತರ ಕಾಪಿ ಆಗೋ ಹಾಗೆ ಮಾಡ್ಬೋದು, ದೊಡ್ಡ ಪ್ರಾಡಕ್ಟ್ ಆದ್ರೆ ರಾತ್ರಿ ಏನಾದ್ರೂ ಬಿದ್ರೆ ಎದ್ದು ನೋಡಕ್ಕೆ ಎಸ್‌ಆರ್‌ಇ ಅಂತ ಬೇರೆ ಜನಾನೇ ಇರ್ತಾರೆ. ಲಾಗಿನ್ ಇನ್ಯಾವ್ದೋ ಟೀಮು, ಸೆಕ್ಯೂರಿಟಿ ಮತ್ಯಾವ್ದೋ ಟೀಮು, ಪ್ರೈವಸಿ ಅಂದ್ರೆ ಲಾಯರ್‌ಗಳು. ಇಷ್ಟರ ನಡುವೆ ನಮ್ಮ ಎಲ್ 5 ಹುಡುಗ ಸರ್ಚ್ ಪೇಜಿನ ಯಾವ್ದೋ ಒಂದು ಮೂಲೆಯನ್ನ ಚೆನ್ನಾಗಿ ತಿದ್ದಿ ತೀಡಿ ನೂರಾರು ಕೋಟಿ ಜನಕ್ಕೆ ತಲುಪಿಸಿರ್ತಾನೆ. ಅದು ಸುಳ್ಳಲ್ಲ, ಸಣ್ಣ ಕೆಲ್ಸಾನೂ ಅಲ್ಲ. ಆದ್ರೆ ಬೋರ್ಗ್ ಅವನ ಜೊತೆ ಎಚ್‌ಎಸ್‌ಆರ್‌ಗೆ ಬರಲ್ಲ ಅಲ್ವಾ.

ಇಲ್ಲಿ ಬಂದ್ರೆ ಏನಿರತ್ತೆ? ಎಡಬ್ಲ್ಯುಎಸ್ (ಅಮೆಜಾನ್‌ನ ಬಾಡಿಗೆ ಸರ್ವರ್) ರೂಟ್ ಲಾಗಿನ್, ಅಂದ್ರೆ ಎಲ್ಲಾ ಅಧಿಕಾರ ಇರೋ ಕೀಲಿ, ಫೌಂಡರ್‌ನ ಪರ್ಸನಲ್ ಜಿಮೇಲಲ್ಲಿ ಇರತ್ತೆ. ಡೇಟಾಬೇಸ್ ಒಂದೇ. ಟೆಸ್ಟ್ ಎನ್ವಿರಾನ್ಮೆಂಟ್ ಅಂತ ಒಂದಿರತ್ತೆ, ಅದು ಯಾವಾಗ್ಲೂ ಕೆಟ್ಟಿರತ್ತೆ. ಡಿಪ್ಲಾಯ್, ಅಂದ್ರೆ ಹೊಸ ಕೋಡನ್ನ ಬಳಕೆಗೆ ಬಿಡೋದು, ಹೆಂಗೆ ಮಾಡ್ಬೇಕು ಅಂತ ಗೊತ್ತಿರೋದು ಒಬ್ಬನಿಗೆ, ಅವ್ನು ಅಕ್ಕನ ಮದುವೆಗೆ ಅಂತ ದಾವಣಗೆರೆಗೆ ಹೋಗಿರ್ತಾನೆ.

ಇಂಥಾ ಕಡೆ ಬಂದೋರು ಎರಡು ಥರ ಎಡವ್ತಾರೆ. ಕೆಲವ್ರು ಯಾರನ್ನ ಕೇಳ್ಬೇಕು ಅಂತ ಹುಡುಕ್ತಾನೇ ಇರ್ತಾರೆ. ಸ್ಪೆಕ್ (ಏನು ಕಟ್ಟಬೇಕು ಅನ್ನೋ ವಿವರ) ಎಲ್ಲಿದೆ, ಪಿಎಮ್ (ಪ್ರಾಡಕ್ಟ್ ಮ್ಯಾನೇಜರ್) ಯಾರು, ಇದಕ್ಕೆ ಅಪ್ರೂವಲ್ ಯಾರು ಕೊಡ್ತಾರೆ, ಅಂತ. ಕೇಳೋದ್ರಲ್ಲಿ ತಪ್ಪಿಲ್ಲ, ಇದೆಲ್ಲಾ ಇರಲೇಬೇಕಾದ ಕಡೆಯಿಂದ ಬಂದಿದಾರೆ, ಉತ್ತರ ಕೊಡೋರು ಇಲ್ಲಿ ಯಾರೂ ಇಲ್ಲ ಅಷ್ಟೇ. ಇನ್ನು ಕೆಲವ್ರು ಹಳೇ ಆಫೀಸಲ್ಲಿ ಇದ್ದಿದ್ದನ್ನೆಲ್ಲಾ ಇಲ್ಲಿ ಕಟ್ಟಕ್ಕೆ ಶುರು ಮಾಡ್ತಾರೆ, ನನ್ ಪ್ರಕಾರ ಇದೇ ಜಾಸ್ತಿ ಡೇಂಜರ್, ಯಾಕಂದ್ರೆ ನೋಡಕ್ಕೆ ಭಾರಿ ಕೆಲ್ಸ ನಡೀತಿರೋ ಹಾಗೆ ಕಾಣತ್ತೆ. ಮದುವೆ ಮನೇಲಿ ಸಾವಿರ ಎಲೆ ಹಾಕ್ಸೋ ಭಟ್ರನ್ನ ನಾಲ್ಕು ಜನರ ಅಡುಗೆಗೆ ಕರೆದ್ರೆ ಮೊದ್ಲು ಕೊಪ್ಪರಿಗೆ ತರ್ಸಿ ಅಂತಾರಲ್ಲ, ಹಂಗೆ. ನಾನು ನೋಡಿದ ಒಂದು ಕಂಪನೀಲಿ, ಹೆಸರು ಬೇಡ, ಅಂಗಡಿಯವ್ರಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡ್ತಿದ್ರು, ಕಸ್ಟಮರ್ಸ್ ಅಂದ್ರೆ ತುಮಕೂರು ಹುಬ್ಬಳ್ಳಿ ಕಡೆ ಒಂದಷ್ಟು ನೂರು ಅಂಗಡಿ. ಅಲ್ಲಿಗೆ ದೊಡ್ಡ ಕಡೆಯಿಂದ ಬಂದ ಸೀನಿಯರ್ ಒಬ್ರು ನೋಟಿಫಿಕೇಶನ್ ಕಳ್ಸಕ್ಕೆ ಅಂತ ಕಾಫ್ಕಾ ಹಾಕಿ, ಕುಬರ್ನೆಟಿಸ್ ಹಾಕಿ (ಎರಡೂ ಭಾರಿ ಪ್ರಮಾಣದ ಸಿಸ್ಟಮ್‌ಗಳಿಗೆ ಬಳಸೋ ಟೂಲ್‌ಗಳು), ಸರ್ವಿಸ್‌ಗಳನ್ನ ತುಂಡು ತುಂಡು ಮಾಡಿ, ಚಂದದ ಡಿಸೈನ್ ಡಾಕ್ ಬರೆದು ಒಂದು ಕ್ವಾರ್ಟರ್ ಪೂರ್ತಿ ಅದ್ರಲ್ಲೇ ಕಳೆದ್ರು. ಹೇಳಿದ ಹೊತ್ತಿಗೆ ತಾನಾಗೇ ಓಡೋ ಸಣ್ಣ ಸ್ಕ್ರಿಪ್ಟು, ಕ್ರಾನ್ ಜಾಬ್ ಅಂತಾರೆ, ಅದೊಂದ್ರಲ್ಲೇ ಮುಗೀತಿತ್ತು. ಅದೇ ಟೈಮಲ್ಲಿ ಅಂಗಡಿಯವ್ರು ಬಡ್ಕೋತಿದ್ದಿದ್ದು ಬೇರೆ ವಿಷ್ಯಕ್ಕೆ, ಪ್ರಿಂಟ್ ಮಾಡಿದ್ರೆ ಬಿಲ್ಲಲ್ಲಿ ಕನ್ನಡ ಅಕ್ಷರ ಒಡೆದು ಬರ್ತಿದೆ ಅಂತ. ಅದನ್ನ ಯಾರೂ ಮುಟ್ಟಲೇ ಇಲ್ಲ, ಡಿಸೈನ್ ಡಾಕ್ ಬರೆಯೋವಷ್ಟು ದೊಡ್ಡ ಪ್ರಾಬ್ಲಮ್ ಅಲ್ಲ ನೋಡಿ ಅದು.

ದೊಡ್ಡ ಕಂಪನಿಗಳ ಒಳಗೇ ಇದಕ್ಕೆ ಉಲ್ಟಾ ಉದಾಹರಣೆಗಳಿವೆ. ಅಮೆಜಾನ್ ಪ್ರೈಮ್ ವಿಡಿಯೋದಲ್ಲಿ ಸ್ಟ್ರೀಮ್ ಕ್ವಾಲಿಟಿ ನೋಡ್ಕೊಳ್ಳೋ ಟೀಮ್ ಮೊದ್ಲು ತಮ್ಮ ಸಿಸ್ಟಮ್‌ನ ಸರ್ವರ್‌ಲೆಸ್ (ಸರ್ವರ್ ಚಿಂತೆ ಕ್ಲೌಡ್‌ಗೆ ಬಿಡೋ ಪದ್ಧತಿ) ತುಂಡುಗಳಾಗಿ ಕಟ್ಟಿ, ಆಮೇಲೆ ಎಲ್ಲಾ ಸೇರ್ಸಿ ಒಂದೇ ಅಪ್ಲಿಕೇಶನ್ ಮಾಡಿದಾಗ ಖರ್ಚು ಶೇಕಡ 90ಕ್ಕಿಂತ ಹೆಚ್ಚು ಇಳೀತು ಅಂತ 2023ರಲ್ಲಿ ಅವ್ರೇ ಬರ್ಕೊಂಡಿದ್ರು. ನಮ್ಮೂರಲ್ಲೇ ಝೆರೋಧಾ ಅನ್ನೋ ಷೇರು ಬ್ರೋಕರ್ ಕಂಪನಿ ಇದೆ, ದಿನಾ ಲಕ್ಷಾಂತರ ಜನ ಟ್ರೇಡ್ ಮಾಡೋ ಪ್ಲಾಟ್‌ಫಾರ್ಮ್‌ನ 30 ಚಿಲ್ಲರೆ ಜನರ ಟೆಕ್ ಟೀಮ್ ಇಟ್ಕೊಂಡು ನಡೆಸಿ ತೋರ್ಸಿದಾರೆ, ಪೋಸ್ಟ್‌ಗ್ರೆಸ್ ಥರದ ಹಳೇ ಗಟ್ಟಿ ಟೂಲ್‌ಗಳನ್ನೇ ನೆಚ್ಚಿಕೊಂಡು. ಅದಕ್ಕೇ ಟೂಲ್ ಹೆಸರುಗಳ ಪಟ್ಟಿ ನೋಡಿ ಇಂಪ್ರೆಸ್ ಆಗೋದು ನಾನು ಬಿಟ್ಟು ಬಹಳ ದಿನ ಆಯ್ತು.

ಇಷ್ಟು ಓದಿ "ಹಂಗಾದ್ರೆ ದೊಡ್ಡ ಕಂಪನಿಯವ್ರು ಬೇಡ್ವೇ ಬೇಡ" ಅಂತ ಹೊರಡ್ಬೇಡಿ. ಫ್ಲಿಪ್‌ಕಾರ್ಟ್ ಶುರು ಮಾಡಿದ ಸಚಿನ್ ಬನ್ಸಲ್, ಬಿನ್ನಿ ಬನ್ಸಲ್ ಇಬ್ರೂ ಇದೇ ಬೆಂಗಳೂರಿನ ಅಮೆಜಾನ್ ಆಫೀಸಿಂದ ಎದ್ದು ಬಂದೋರು, 2007ರಲ್ಲಿ. ವಾಟ್ಸಾಪ್ ಮಾಡಿದ ಜಾನ್ ಕೂಮ್, ಬ್ರಯಾನ್ ಆಕ್ಟನ್ ಯಾಹೂದಲ್ಲಿ ವರ್ಷಗಟ್ಲೆ ಕೂತಿದ್ದೋರು. 2009ರಲ್ಲಿ ಆಕ್ಟನ್‌ಗೆ ಫೇಸ್‌ಬುಕ್‌ನವ್ರು ಕೆಲ್ಸ ಕೊಡಲ್ಲ ಅಂದಿದ್ರು, 2014ರಲ್ಲಿ ಅದೇ ಫೇಸ್‌ಬುಕ್ 1,900 ಕೋಟಿ ಡಾಲರ್‌ಗೆ ವಾಟ್ಸಾಪ್ ಕೊಂಡ್ಕೊಂಡಾಗ 45 ಕೋಟಿ ಯೂಸರ್ಸ್‌ಗೆ ಅಲ್ಲಿ ಇದ್ದಿದ್ದು 32 ಜನ ಇಂಜಿನಿಯರ್ಸ್. ಹತ್ತತ್ರ ಒಂದು ದಶಕ ದೊಡ್ಡ ಕಂಪನೀಲಿ ಇದ್ದೋರೇ ಇಷ್ಟು ಚಿಕ್ಕ ಟೀಮ್ ಇಟ್ಕೊಂಡು ಅಷ್ಟು ಮಾಡಿದ್ರು ಅಂದ್ಮೇಲೆ, ಎಲ್ಲಿಂದ ಬಂದ್ರು ಅನ್ನೋದ್ರಿಂದ ಏನೂ ಗೊತ್ತಾಗಲ್ಲ. ಅಲ್ಲಿ ಕೂತು ಏನ್ ಮಾಡ್ತಿದ್ರು ಅನ್ನೋದನ್ನೇ ಕೇಳ್ಬೇಕು.

ನಾನು ಕೇಳೋ ಮೊದಲ್ನೇ ಪ್ರಶ್ನೆ ಸಿಂಪಲ್. ನೀವು ಆ ಟೀಮ್ ಸೇರಿದ ದಿನ ಅಲ್ಲಿ ಆಗ್ಲೇ ಏನೇನಿತ್ತು? ಬಹಳ ಜನಕ್ಕೆ ಇದು ವಿಚಿತ್ರ ಪ್ರಶ್ನೆ ಅನ್ಸತ್ತೆ, ಎಲ್ಲರೂ ನೀವೇನು ಕಟ್ಟಿದ್ರಿ ಅಂತ ಕೇಳಿ ಕೇಳಿ ಅದಕ್ಕೆ ಉತ್ತರ ಬಾಯಿಪಾಠ ಆಗಿರತ್ತೆ. ಮೊದ್ಲೇ ಏನಿತ್ತು ಅಂತ ಕೇಳಿದ್ರೆ ನಿಜ ಹೊರಗೆ ಬರತ್ತೆ. ಕೆಲವ್ರು ಒಳ್ಳೇ ಪ್ರಾಮಾಣಿಕವಾಗಿ "ಸರ್, ಸಿಸ್ಟಮ್ ಎಲ್ಲಾ ಇತ್ತು, ನಾನು ಅದ್ರ ಮೇಲೆ ಮೂರು ಫೀಚರ್ ಮಾಡ್ದೆ, ಒಂದು ಮೈಗ್ರೇಶನ್ ಮುಗಿಸ್ದೆ" ಅಂತಾರೆ, ಇಂಥವ್ರು ನಂಗೆ ತುಂಬಾ ಇಷ್ಟ, ತಾವು ಮಾಡಿದ್ದು ಎಷ್ಟು ಅಂತ ಅಳತೆ ಗೊತ್ತಿರೋರು. ಆಮೇಲೆ, ರಾತ್ರಿ ಎರಡು ಗಂಟೆಗೆ ಸಿಸ್ಟಮ್ ಕೆಟ್ಟಿದೆ ಅಂತ ಪೇಜರ್ ಹೊಡೆದ್ರೆ ಯಾರು ಏಳ್ತಿದ್ರು ಅಂತ ಕೇಳ್ತೀನಿ. ಅಮೆಜಾನ್ ಥರ ಬರೆದೋರೇ ನೋಡ್ಕೋಬೇಕು ಅನ್ನೋ ಪದ್ಧತಿ ಇರೋ ಕಡೆ ಆನ್‌ಕಾಲ್ (ತೊಂದ್ರೆ ಆದ್ರೆ ಎದ್ದು ನೋಡೋ ಪಾಳಿ) ಮಾಡಿ ಮಾಡಿ ನಿದ್ದೆ ಕೆಟ್ಟಿರೋರು ಇಲ್ಲಿಗೆ ಬೇಗ ಹೊಂದ್ಕೋತಾರೆ, ಇದು ನನ್ ಅಭಿಪ್ರಾಯ, ಎಲ್ಲಾ ಕಡೆ ಹಂಗೇ ಅಂತ ಅಲ್ಲ. ನೀವು ಬರೆದ ಕೋಡಲ್ಲಿ ಯಾವ್ದನ್ನ ನೀವೇ ಕಿತ್ತು ಹಾಕಿದ್ರಿ ಅಂತಾನೂ ಕೇಳ್ತೀನಿ, ಯೂಸರ್ ಹತ್ರ ಬಾಯಿಬಿಟ್ಟು ಮಾತಾಡಿದ್ದು ಯಾವಾಗ ಅಂತಾನೂ.

ನಂಗೆ ತುಂಬಾ ಕೆಲ್ಸಕ್ಕೆ ಬಂದಿರೋ ಇನ್ನೊಂದು ಪರೀಕ್ಷೆ ಅಂದ್ರೆ ಎಸ್‌ಎಂಎಸ್. ನಗಬೇಡಿ. ಈ ದೇಶದಲ್ಲಿ ಒಂದು ಕಂಪನಿ ಒಟಿಪಿ ಕಳ್ಸ್ಬೇಕು ಅಂದ್ರೆ ಟೆಲಿಕಾಂ ನಿಯಂತ್ರಕ ಟ್ರಾಯ್‌ನ ರೂಲ್ಸ್ ಪ್ರಕಾರ ಟೆಲಿಕಾಂ ಆಪರೇಟರ್‌ನ ಡಿಎಲ್‌ಟಿ ಅನ್ನೋ ನೋಂದಣಿ ಪೋರ್ಟಲ್‌ನಲ್ಲಿ ಕಂಪನಿ ರಿಜಿಸ್ಟರ್ ಆಗ್ಬೇಕು, ಹೆಡರ್ (ಮೆಸೇಜ್ ಕಳ್ಸಿದ್ದು ಯಾರು ಅಂತ ಕಾಣೋ ಹೆಸರು) ಅಪ್ರೂವ್ ಆಗ್ಬೇಕು, ಮೆಸೇಜ್ ಟೆಂಪ್ಲೇಟ್ ಬೇರೆ ಅಪ್ರೂವ್ ಆಗ್ಬೇಕು, ಆಮೇಲೆ ಕಳ್ಸೋ ಮೆಸೇಜು ಆ ಟೆಂಪ್ಲೇಟ್‌ಗೆ ತಾಳೆ ಆಗ್ದಿದ್ರೆ ದಾರೀಲೇ ನಿಂತೋಗತ್ತೆ. 2021ರ ಮಾರ್ಚ್‌ನಲ್ಲಿ ಇದನ್ನ ಕಟ್ಟುನಿಟ್ಟಾಗಿ ಜಾರಿಗೆ ತಂದ ದಿನ ದೇಶದಲ್ಲೆಲ್ಲಾ ಬ್ಯಾಂಕ್ ಒಟಿಪಿಗಳೇ ಬರದೆ ಗಲಾಟೆ ಆಗಿ, ಟ್ರಾಯ್‌ನವ್ರೇ ಒಂದು ವಾರ ತಡೆಹಿಡಿದಿದ್ರು, ನೆನಪಿರ್ಬೋದು. ದೊಡ್ಡ ಕಂಪನೀಲಿ ಇದೆಲ್ಲಾ ನೋಡ್ಕೊಳ್ಳಕ್ಕೆ ಬೇರೆ ಟೀಮ್ ಇರತ್ತೆ, ಇಂಜಿನಿಯರ್‌ಗೆ ಒಂದು ಫಂಕ್ಷನ್ ಕಾಲ್ ಅಷ್ಟೇ. ಚಿಕ್ಕ ಕಂಪನೀಲಿ ಒಟಿಪಿ ಹೋಗ್ತಿಲ್ಲ ಅಂದ್ರೆ ಇಂಜಿನಿಯರೇ ಪೋರ್ಟಲ್‌ಗೆ ಲಾಗಿನ್ ಆಗಿ, ಟೆಂಪ್ಲೇಟ್ ಯಾಕೆ ರಿಜೆಕ್ಟ್ ಆಯ್ತು ಅಂತ ನೋಡಿ, ಸಪೋರ್ಟ್‌ಗೆ ಫೋನ್ ಮಾಡಿ ಮ್ಯೂಸಿಕ್ ಕೇಳ್ಕೊಂಡು ಕಾಯ್ಬೇಕು. ಈ ಕಥೆ ಪೂರ್ತಿ ಹೇಳಿ, ನೀವಾಗಿದ್ರೆ ಏನ್ ಮಾಡ್ತಿದ್ರಿ ಅಂತ ಕೇಳ್ತೀನಿ. ಕೆಲವ್ರ ಮುಖ ನೋಡಿದ್ರೇ ಗೊತ್ತಾಗತ್ತೆ, "ಇದು ನನ್ ಕೆಲ್ಸಾನಾ?" ಅಂತ. ಕೆಲವ್ರು ತಕ್ಷಣ, ಬೇರೆ ಆಪರೇಟರ್ ಬ್ಯಾಕಪ್ ಇದೆಯಾ, ಅಷ್ಟರಲ್ಲಿ ವಾಟ್ಸಾಪ್‌ಗೆ ಕಳ್ಸಕ್ಕಾಗತ್ತಾ ಅಂತ ಕೇಳಕ್ಕೆ ಶುರು ಮಾಡ್ತಾರೆ. ಎರಡನೇ ಥರದವ್ರ ಜೊತೆ ಮಾತು ಮುಂದುವರೆಸ್ತೀನಿ.

ಲೀಟ್‌ಕೋಡ್ ಪ್ರಶ್ನೆ, ಅಂದ್ರೆ ಇಂಟರ್ವ್ಯೂಗೆ ಅಂತ ಅಭ್ಯಾಸ ಮಾಡೋ ಕೋಡಿಂಗ್ ಒಗಟು, ನಾನು ಕೇಳಲ್ಲ. ದೊಡ್ಡ ಕಂಪನಿಯವ್ರು ಆಗ್ಲೇ ಆ ಜರಡಿ ಹಿಡಿದು ತಗೊಂಡಿದಾರೆ, ಮತ್ತೆ ಅದನ್ನೇ ಕೇಳಿದ್ರೆ ಹೊಸದೇನು ಗೊತ್ತಾಗತ್ತೆ? ಆ ಜರಡೀಲಿ ಒಳ್ಳೇವ್ರು ಜಾರಿ ಹೋಗೋದೂ ಇದೆ, ಗೂಗಲ್ ಇಂಜಿನಿಯರ್‌ಗಳೇ ಬಳಸ್ತಿದ್ದ ಹೋಮ್‌ಬ್ರೂ (ಮ್ಯಾಕ್‌ನಲ್ಲಿ ಸಾಫ್ಟ್‌ವೇರ್ ಹಾಕೋ ಟೂಲ್) ಬರೆದಾತ ಬೋರ್ಡ್ ಮೇಲೆ ಬೈನರಿ ಟ್ರೀ ತಿರುಗಿಸ್ಲಿಲ್ಲ ಅಂತ ಗೂಗಲ್ ಬೇಡ ಅಂದ್ರು ಅಂತ 2015ರಲ್ಲಿ ಆತನೇ ಟ್ವೀಟ್ ಮಾಡಿ ದೊಡ್ಡ ಸುದ್ದಿ ಆಗಿತ್ತು. ಬದಲಿಗೆ ನಮ್ಮದೇ ಕೋಡಿನ ಒಂದು ಹಳೇ ತುಣುಕು, ಬಗ್ ಸಮೇತ, ರೀಡ್‌ಮೀ (ಕೋಡ್ ಜೊತೆ ಇಡೋ ವಿವರಣೆ ಫೈಲು) ಅರ್ಧಂಬರ್ಧ, ಕೊಟ್ಟು ಪಕ್ಕದಲ್ಲಿ ಕೂತ್ಕೋತೀನಿ. ಎಷ್ಟು ಬೇಗ ಸರಿ ಮಾಡ್ತಾರೆ ಅನ್ನೋದಕ್ಕಿಂತ, ರೀಡ್‌ಮೀ ತಪ್ಪಿದೆ ಅಂತ ಗೊತ್ತಾದಾಗ ಏನ್ ಮಾಡ್ತಾರೆ ಅಂತ ನೋಡ್ತೀನಿ. ಬೈಕೊಂಡು ಮುಂದೆ ಹೋಗೋರು ಇದಾರೆ. ಬೈಕೊಂಡು ರೀಡ್‌ಮೀನೂ ತಿದ್ದಿ ಹೋಗೋರು ಇದಾರೆ.

ಇನ್ನು ತೀರಾ ಮೇಲಿನ ಪೋಸ್ಟ್‌ಗೆ ತಗೊಳ್ಳೋದು, ಅದು ಬೇರೆನೇ ಆಟ. ಮಾರ್ಚ್ 2015ರಲ್ಲಿ ಫ್ಲಿಪ್‌ಕಾರ್ಟ್‌ಗೆ ಗೂಗಲ್ ಕಡೆಯಿಂದ ಪುನೀತ್ ಸೋನಿ ಚೀಫ್ ಪ್ರಾಡಕ್ಟ್ ಆಫೀಸರ್ ಆಗಿ ಬಂದಾಗ ಪೇಪರ್‌ಗಳಲ್ಲೆಲ್ಲಾ ಅದೇ ಸುದ್ದಿ, 2016ರ ಏಪ್ರಿಲ್ ಹೊತ್ತಿಗೆ ಅವ್ರು ಹೊರಟೂ ಆಗಿತ್ತು. ಅಷ್ಟು ಹೊತ್ತಿಗೆ ಫ್ಲಿಪ್‌ಕಾರ್ಟ್ ಚಿಕ್ಕದೇನೂ ಇರ್ಲಿಲ್ಲ. ಮೇಲೆ ಮೇಲೆ ಹೋದಷ್ಟೂ ಜಾಗ ಅರ್ಥ ಮಾಡ್ಕೊಳ್ಳಕ್ಕೆ ಟೈಮ್ ಕಮ್ಮಿ, ಬಂದ ವಾರಕ್ಕೇ ದೊಡ್ಡ ದೊಡ್ಡ ನಿರ್ಧಾರ ತಗೋಬೇಕು. ಅದಕ್ಕೇ ಇಪ್ಪತ್ತು ಜನರ ಕಂಪನಿಗೆ ಡೈರೆಕ್ಟರ್ ಲೆವೆಲ್‌ನವ್ರನ್ನ ಕರ್ಕೊಂಡು ಬರೋದಕ್ಕಿಂತ, ನಾಲ್ಕೈದು ವರ್ಷ ಅನುಭವ ಇದ್ದು ಇನ್ನೂ ಕೈಯಾರೆ ಕೋಡ್ ಬರೀತಿರೋ, ಪ್ರಮೋಷನ್ ಪ್ಯಾಕೆಟ್ (ಬಡ್ತಿ ಕೇಳಿ ಬರೆಯೋ ಕಡತ) ಬರ್ದು ಬರ್ದು ಬೇಜಾರಾಗಿರೋ ಎಸ್‌ಡಿಇ 2, ಅಂದ್ರೆ ಮಧ್ಯಮ ಮಟ್ಟದ ಇಂಜಿನಿಯರ್‌ಗಳನ್ನ ಹುಡ್ಕಿ ಅಂತ ಹೇಳ್ತೀನಿ.

ಈಗ ದುಡ್ಡಿನ ವಿಷ್ಯ. ಫೌಂಡರ್‌ಗಳು ಇಲ್ಲಿ ಮಾತಾಡೋ ರೀತಿ ನೋಡಿದ್ರೆ ಕೆಲವೊಮ್ಮೆ ಸಿಟ್ಟು ಬರತ್ತೆ. ದೊಡ್ಡ ಕಂಪನಿಯ ಆರ್‌ಎಸ್‌ಯು ಅಂದ್ರೆ ಸಂಬಳದ ಜೊತೆ ಕೊಡೋ, ಲಿಸ್ಟ್ ಆಗಿರೋ ಷೇರು, ವೆಸ್ಟ್ ಆದ್ರೆ (ಹೇಳಿದ ಅವಧಿ ಕಳೆದು ನಿಮ್ಮದಾದ್ರೆ) ಮಾರಿ ಮನೆ ಲೋನಿಗೆ ಕಟ್ಬೋದು. ನಿಮ್ಮ ಈಸಾಪ್, ಅಂದ್ರೆ ಗೊತ್ತು ಮಾಡಿದ ಬೆಲೆಗೆ ಕಂಪನಿ ಷೇರು ಕೊಳ್ಳೋ ಹಕ್ಕು, ಹಂಗಲ್ಲ. ಎಕ್ಸರ್‌ಸೈಜ್ ಮಾಡಿದ ದಿನವೇ, ಅಂದ್ರೆ ಆ ಹಕ್ಕು ಬಳಸಿ ಷೇರು ಕೊಂಡ ದಿನವೇ, ಆವತ್ತಿನ ಬೆಲೆಗೂ ಕೊಟ್ಟ ಬೆಲೆಗೂ ಇರೋ ವ್ಯತ್ಯಾಸ ಸಂಬಳ ಅಂತ ಲೆಕ್ಕ ಆಗಿ ಟ್ಯಾಕ್ಸ್ ಬೀಳತ್ತೆ, ಷೇರು ಕೊಳ್ಳೋರು ಯಾರೂ ಇಲ್ದೇ ಇದ್ರೂ. 2020ರ ಬಜೆಟ್‌ನಲ್ಲಿ ಈ ಟ್ಯಾಕ್ಸ್ ಮುಂದೂಡೋ ಅವಕಾಶ ಕೊಟ್ರು, ಆದ್ರೆ ಅದು 80-ಐಎಸಿ ಅನ್ನೋ ಸರ್ಕಾರದ ಟ್ಯಾಕ್ಸ್ ವಿನಾಯ್ತಿ ಸರ್ಟಿಫಿಕೇಟ್ ಇರೋ ಸ್ಟಾರ್ಟಪ್‌ಗಳಿಗೆ ಮಾತ್ರ, ಅದೂ ಕೆಲ್ಸ ಬಿಟ್ರೆ ಮುಂದೂಡಿಕೆ ಮುಗೀತು. ಬಹಳ ಕಡೆ ಕೆಲ್ಸ ಬಿಟ್ಮೇಲೆ ಇಷ್ಟು ದಿನದೊಳಗೆ ಎಕ್ಸರ್‌ಸೈಜ್ ಮಾಡಿ, ಇಲ್ಲಾಂದ್ರೆ ಹೋಯ್ತು ಅಂತ ಬೇರೆ ಇರತ್ತೆ. ಇದನ್ನೆಲ್ಲಾ ಬಿಟ್ಟು "ನಿಂಗೆ ಒಂದು ಕೋಟಿ ಈಸಾಪ್ ಕೊಡ್ತಿದೀವಿ" ಅಂತ ಒಂದೇ ಸಾಲು ಹೇಳಿದ್ರೆ, ಬಂದಿರೋನು ದಡ್ಡ ಅಲ್ಲ, ಒಂದಿನ ಕೂತು ಲೆಕ್ಕ ಹಾಕೇ ಹಾಕ್ತಾನೆ, ಆವತ್ತೇ ನಿಮ್ಮ ಮೇಲೆ ನಂಬಿಕೆ ಹೋಗತ್ತೆ. ಫ್ಲಿಪ್‌ಕಾರ್ಟ್, ಫೋನ್‌ಪೇ ಬೇರೆ ಆದಾಗ 2023ರಲ್ಲಿ ಸುಮಾರು 70 ಕೋಟಿ ಡಾಲರ್ ಉದ್ಯೋಗಿಗಳಿಗೆ ಹಂಚಿದ್ರು, ಎಲ್ಲಾ ಫೌಂಡರ್‌ಗಳೂ ಆ ಕಥೆ ಹೇಳ್ತಾರೆ. ಕಾಗದ ಕಾಗದವಾಗೇ ಉಳಿದ ಕಂಪನಿಗಳ ಹೆಸರು ಯಾರ ಬಾಯಲ್ಲೂ ಬರಲ್ಲ.

ಎದುರಿಗಿರೋರ ವೆಸ್ಟಿಂಗ್ ಡೇಟೂ ಕೇಳಿ. ಅಮೆಜಾನ್‌ನಲ್ಲಿ ಬಹಳ ವರ್ಷದಿಂದ ನಡ್ಕೊಂಡು ಬಂದಿರೋ ಲೆಕ್ಕ ಮೊದಲ ವರ್ಷ ಶೇಕಡ 5, ಎರಡನೇ ವರ್ಷ 15, ಆಮೇಲೆ 40, 40. ಎರಡು ವರ್ಷ ಮುಗಿಸಿ ಈಗಷ್ಟೇ ದೊಡ್ಡ ಭಾಗಕ್ಕೆ ಬಂದಿರೋರನ್ನ ಕರೆದು, ಅವ್ರು ಹಿಂದೆ ಮುಂದೆ ನೋಡಿದ್ರೆ "ರಿಸ್ಕ್ ತಗೊಳ್ಳೋ ಮನಸ್ಸೇ ಇಲ್ಲ" ಅಂತ ಬೈಯ್ಯೋದ್ರಲ್ಲಿ ಅರ್ಥ ಇಲ್ಲ. ಸರ್ಜಾಪುರ ರೋಡಲ್ಲಿ ಫ್ಲ್ಯಾಟ್ ಇಎಂಐ ಇದೆ, ಮಗು ಸ್ಕೂಲ್ ಫೀಸ್ ಇದೆ, ಊರಲ್ಲಿ ಅಪ್ಪ ಅಮ್ಮಂಗೆ ಮಗ ಅಮೆಜಾನಲ್ಲಿದಾನೆ ಅಂತ ಹೇಳ್ಕೊಳ್ಳೋ ಖುಷಿ ಬೇರೆ ಇದೆ. ಆಫರ್ ಲೆಟರ್ ಕೊಟ್ಟಾಗ ನಾನು ಹೇಳೋದು, ಇದನ್ನ ಮನೆಗೆ ತಗೊಂಡೋಗಿ, ಈಸಾಪ್‌ನ ಸೊನ್ನೆ ಅಂತ ಇಟ್ಕೊಂಡು ಲೆಕ್ಕ ಹಾಕಿ, ಮನೆಯವ್ರು ಒಪ್ಪಿದ್ರೆ ಬನ್ನಿ. ಇದ್ರಿಂದ ಒಳ್ಳೊಳ್ಳೇ ಜನ ಕೈತಪ್ಪಿದಾರೆ. ನೋಟಿಸ್ ಪೀರಿಯಡ್ ಎರಡು ಮೂರು ತಿಂಗ್ಳು ಕಾದು ಕೊನೇ ದಿನ ಕೌಂಟರ್ ಆಫರ್ ಬಂತು ಅಂತ ಮೆಸೇಜ್ ನೋಡೋದಕ್ಕಿಂತ ಇದು ವಾಸಿ.

2023ರ ಜನವರೀಲಿ ಗೂಗಲ್ 12,000, ಅಮೆಜಾನ್ 18,000 ಜನರನ್ನ ತೆಗೀತೀವಿ ಅಂದಾಗ ಸುಮಾರು ಫೌಂಡರ್‌ಗಳು "ಈಗ ಕಮ್ಮಿಗೆ ಸಿಗ್ತಾರೆ" ಅಂತ ಖುಷಿಪಟ್ಟಿದ್ರು. ಕಷ್ಟದಲ್ಲಿ ಬಂದೋರು ಮಾರ್ಕೆಟ್ ಸರಿ ಆದ್ಮೇಲೆ ಹೋಗ್ತಾರೆ, ಅದ್ರಲ್ಲಿ ದ್ರೋಹ ಏನಿಲ್ಲ.

ಒಂದು ಒಳ್ಳೇ ಕಥೆ ಹೇಳ್ಬೇಕು, ಇಲ್ಲಾಂದ್ರೆ ಬರೀ ದೂರೇ ಆಗತ್ತೆ. ಒಂದು ಕಡೆ ನಮ್ ಜೊತೆಗೆ ದೊಡ್ಡ ಕಂಪನಿಯಿಂದ ಒಬ್ಬ ಹುಡುಗಿ ಬಂದ್ರು, ಮೊದಲ್ನೇ ವಾರ ಕೇಳಿದ್ದು, ಬ್ಯಾಕಪ್‌ನಿಂದ ಡೇಟಾಬೇಸ್ ವಾಪಸ್ ತಂದು ನೋಡಿದೀರಾ ಅಂತ. ಬ್ಯಾಕಪ್ ದಿನಾ ರಾತ್ರಿ ಹೋಗ್ತಿತ್ತು, ವಾಪಸ್ ತರೋ ಪ್ರಸಂಗ ಯಾರಿಗೂ ಬಂದಿರ್ಲಿಲ್ಲ. ಆಕೆನೇ ಒಂದು ಮಷೀನ್ ತಗೊಂಡು ತಂದು ನೋಡಿದ್ರೆ, ಪೇಮೆಂಟ್ಸ್‌ಗೆ ಸಂಬಂಧ ಪಟ್ಟ ಒಂದು ಟೇಬಲ್ಲೇ ಅದ್ರಲ್ಲಿ ಇಲ್ಲ. ಕೋಡ್ ಇಡೋ ತಾಣ ಗಿಟ್‌ಲ್ಯಾಬ್‌ನಲ್ಲಿ 2017ರ ಜನವರಿ 31ಕ್ಕೆ ಆಗಿದ್ದು ಇದೇ ಥರ, ಪ್ರೊಡಕ್ಷನ್ ಡೇಟಾ ಡಿಲೀಟ್ ಆದ್ಮೇಲೆ ನೋಡಿದ್ರೆ ನಂಬ್ಕೊಂಡಿದ್ದ ಬ್ಯಾಕಪ್‌ಗಳು ಕೈಕೊಟ್ಟಿದ್ವು, ಸುಮಾರು ಆರು ಗಂಟೆಯ ಡೇಟಾ ಹೋಯ್ತು, ಅವ್ರು ಅದನ್ನ ಮುಚ್ಚಿಡದೆ ಬರೆದ್ರು. ಆಕೆ ನಮ್ಮಲ್ಲಿ ಯಾರನ್ನೂ ಬೈಯ್ದೆ, ಅರ್ಧ ಪುಟ ಬರೆದಿಟ್ಟು, ತಿಂಗ್ಳಿಗೊಂದ್ಸಲ ತಾನಾಗೇ ರಿಸ್ಟೋರ್ ಆಗಿ ಚೆಕ್ ಆಗೋ ಹಾಗೆ ಒಂದು ಸ್ಕ್ರಿಪ್ಟ್ ಹಾಕಿದ್ರು. ಕಾಫ್ಕಾ ಇಲ್ಲ, ಹೊಸ ಸರ್ವಿಸ್ ಇಲ್ಲ. ದೊಡ್ಡ ಕಂಪನೀಲಿ ಕಲಿತಿದ್ದು ಅಂದ್ರೆ ಇದು, ಏನು ಕೆಡಬಹುದು ಅನ್ನೋ ಅಂದಾಜು. ಟೂಲ್ ಅಲ್ಲೇ ಉಳಿದ್ರೂ ಈ ಅಂದಾಜು ಅವ್ರ ಜೊತೆ ಬಂದಿತ್ತು.

ಹಾಗಾಗಿ ಈಗ ಆಫರ್ ಕಾಲ್‌ನಲ್ಲಿ ನಾನು ಮೊದ್ಲು ಇಲ್ಲದೇ ಇರೋದನ್ನ ಹೇಳ್ತೀನಿ. ಎಸ್‌ಆರ್‌ಇ ಇಲ್ಲ, ಟೆಸ್ಟರ್ ಇಲ್ಲ, ಊಟದ ಕ್ಯಾಂಟೀನ್ ಇಲ್ಲ, ಸ್ಪೆಕ್ ಅಂದ್ರೆ ಫೌಂಡರ್‌ನ ವಾಯ್ಸ್ ನೋಟ್, ಸೋಮವಾರ ಹೇಳಿದ್ದು ಗುರುವಾರ ಬದಲಾಗ್ಬೋದು, ಮೊದಲ್ನೇ ತಿಂಗ್ಳು ದಿನಾ ಒಂದು ಗಂಟೆ ಸಪೋರ್ಟ್ ಫೋನ್ ನೀವೇ ಎತ್ಬೇಕು. ಆಮೇಲೆ ಸುಮ್ನಿರ್ತೀನಿ. "ಯೋಚ್ನೆ ಮಾಡಿ ಹೇಳ್ತೀನಿ" ಅನ್ನೋರು ಬಹಳ. ಕೆಲವ್ರು ಮಾತ್ರ ತಿರುಗಿ ಕೇಳ್ತಾರೆ, ಸಪೋರ್ಟ್‌ಗೆ ಜಾಸ್ತಿ ಫೋನ್ ಬರೋದು ಯಾವ ವಿಷ್ಯಕ್ಕೆ ಅಂತ.